ಅಪ್ಪ ನಿಲ್ಲುವ ಜಾಗ

ಮಾರ್ಚ್ 4, ಸೋಮವಾರ, ಬೆಳಿಗ್ಗೆ

ಕ್ಲಾರಿನೆಟ್ ಬಾಯಿಯ ರೀಡ್ ಮತ್ತೆ ಸೀಳಿದೆ. ತುದಿಯಲ್ಲಿ, ಕಣ್ಣಿಗೆ ಕಾಣದಷ್ಟು. ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಹೊಸದು ಕೇಳಿದರೆ ಬ್ಯಾಂಡ್ ಮೇಷ್ಟ್ರು "ಅಷ್ಟೊಂದು ಪ್ರಾಕ್ಟೀಸಾ? ಎಲ್ಲಿ, ಒಂದು ಪುಟ ಓದಿ ತೋರಿಸು" ಅಂದುಬಿಟ್ಟರೆ? ಬೇಡ. ಇದರಲ್ಲೇ ಆಗಲಿ.

ದಿನದ ಹಾಗೇ. ಅಪ್ಪನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಅಡುಗೆಮನೆ ಬಾಗಿಲು ಹಾಕಿಕೊಂಡೆ. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟೆ — ಅಲ್ಲಿಟ್ಟರೆ ಸದ್ದು ದೊಡ್ಡದಾಗುತ್ತದೆ. ಅಪ್ಪನ ರೆಕಾರ್ಡಿಂಗ್. ಒಂದು ತುಣುಕು ಕೇಳುವುದು, ನಿಲ್ಲಿಸುವುದು, ಊದುವುದು. ಮತ್ತೆ ಕೇಳುವುದು. ಸ್ವರದ ಹಾಳೆಯನ್ನೂ ಎದುರಿಗೆ ಆನಿಸಿಟ್ಟಿದ್ದೆ, ಯಾರಾದರೂ ಬಂದರೆ ಇರಲಿ ಅಂತ. ನನಗದು ಒಣಸೀಗಡಿ ಹರಡಿದ ಚಾಪೆ. ಒಂದು ಸೀಗಡಿಯೂ ಮಾತಾಡುವುದಿಲ್ಲ.

ಇದು ಹೊರಗೆ ಗೊತ್ತಾದರೆ ಮುಗಿಯಿತು. ಕ್ಲಾರಿನೆಟ್ ನಮ್ಮದಲ್ಲ, ಬ್ಯಾಂಡಿನದು. ಮನೆಯಲ್ಲಿ ನುಡಿಸುವವರಿದ್ದರೆ ಮನೆಯಲ್ಲಿ, ಇಲ್ಲದಿದ್ದರೆ ಬೇರೆ ಮನೆಗೆ. ಈ ಊರಲ್ಲಿ ಮೊದಲಿಂದ ಹಾಗೇ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದಾಗ ಒಯ್ಯಲು ಬಂದೇ ಬಂದರು. ಅಪ್ಪ ಮಲಗಿದಲ್ಲಿಂದ ಕ್ಲಾರಿನೆಟ್ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನನಗೇನಾಯಿತೋ, "ನಾನು ನುಡಿಸ್ತೀನಿ" ಅಂದುಬಿಟ್ಟೆ. "ನೋಟ್ಸ್ ಓದ್ತೀಯಾ?" ಅಂದರು ಮೇಷ್ಟ್ರು. "ಅಪ್ಪ ಕಲಿಸಿದ್ದಾರೆ" ಅಂದೆ.

ಅಪ್ಪ ಅಲ್ಲೇ ಇದ್ದರು. ಕೇಳಿಸಿಕೊಂಡರು.

ಮಾರ್ಚ್ 9, ಶನಿವಾರ

ಸಾವಿನ ಮೆರವಣಿಗೆ ಇತ್ತು. ಸೇತುವೆ ಆಚೆ ಮನೆಯ ಮುದುಕಿ. ಇನ್ನೊಂದು ಕ್ಲಾರಿನೆಟ್ ಊದುವ ಚಾರಿಂಗ್ ಅಕ್ಕನ ಪಕ್ಕಕ್ಕೆ ಅಂಟಿಕೊಂಡೇ ನಡೆದೆ. ಅವಳ ಮೊದಲ ಸ್ವರ ಬಂದ ಮೇಲೆ ನನ್ನದು. ಕೂದಲೆಳೆಯಷ್ಟು ಹಿಂದೆ. ಯಾರಿಗೂ ತಿಳಿಯುವುದಿಲ್ಲ... ತಿಳಿಯುತ್ತದೆಯೇ?

ಮಣ್ಣಾದ ಮೇಲೆ ಚಾರಿಂಗ್ ಅಕ್ಕ ಮಾವಿನಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತ, "ಪೆಮ್ಯಾಂಗ್, ನನ್ನ ಗಂಡನೂ ಇಷ್ಟು ಹತ್ರ ಬಂದವನಲ್ಲ ಕಣೇ. ನನ್ನ ನೆರಳು ಬೇಜಾರು ಮಾಡ್ಕೊಂಡಿದೆ, ನೀನು ಅದರ ಕೆಲಸ ಕಿತ್ಕೊಂಡೆ ಅಂತ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಬಿಸಿಯಾಯಿತು.

ಅವಳಿಗೆ ಗೊತ್ತಿದೆಯೋ? ತಮಾಷೆಗೆ ಅಂದಳೋ? ಮನೆಗೆ ಬರುವವರೆಗೆ ಇದೇ. ಸಾವಿನ ಮನೆಯವರು ಕೊಟ್ಟ ಬಿಸ್ಕತ್ತನ್ನು ದಾರಿಯಲ್ಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ.

ಮಾರ್ಚ್ 12, ಮಂಗಳವಾರ



ಇವತ್ತು ಬ್ಯಾಂಡ್ ಹಾಲ್‌ನಲ್ಲಿ ಮೇಷ್ಟ್ರು ಈಸ್ಟರ್ ಬೆಳಗಿನ, ತಾಯಿ-ಮಗ ಎದುರಾಗುವ ಸಲುಬೊಂಗ್ ಮೆರವಣಿಗೆಗೆ ಬ್ಯಾಂಡನ್ನು ಎರಡು ಭಾಗ ಮಾಡಿದರು. ಎದ್ದುಬಂದ ಕ್ರಿಸ್ತನ ಮೂರ್ತಿ ಹೊತ್ತು ಗಂಡಸರು ಒಂದು ದಾರಿಯಿಂದ, ಕಪ್ಪು ಮುಸುಕಿನ ಅವನ ತಾಯಿಯ ಮೂರ್ತಿ ಹೊತ್ತು ಹೆಂಗಸರು ಇನ್ನೊಂದು ದಾರಿಯಿಂದ. ಎರಡು ಕಡೆಗೂ ಅರ್ಧರ್ಧ ಬ್ಯಾಂಡ್. ಚರ್ಚಿನ ಮುಂದೆ ಎದುರುಬದುರಾದಾಗ ಎರಡೂ ಭಾಗ ಒಂದೇ ಮಾರ್ಚ್ ಟ್ಯೂನ್ ನುಡಿಸಬೇಕು, ದೇವದೂತಳ ವೇಷದ ಹುಡುಗಿ ಹಾಡಿ ತಾಯಿಯ ಮುಸುಕು ತೆಗೆಯಬೇಕು. ಪ್ರತಿ ವರ್ಷ ಇರುವುದೇ. ಹೋದ ವರ್ಷ, ಅಪ್ಪನಿಗೆ ಇನ್ನೂ ಮೈ ಸರಿಯಿದ್ದಾಗ, ನಾನು ಗಂಜಿ ಬಡಿಸುವ ಗುಂಪಿನಲ್ಲಿದ್ದೆ. ಹಾಗೇ ಇದ್ದುಬಿಡುತ್ತೇನೆ ಅಂದುಕೊಂಡಿದ್ದೆ.

"ಚಾರಿಂಗ್ ಕ್ರಿಸ್ತನ ಕಡೆ. ಅಲ್ಲಿ ಬೇರೆ ಕ್ಲಾರಿನೆಟ್ ಇಲ್ಲ. ತಾಯಿ ಕಡೆ ಪೆಮ್ಯಾಂಗ್" ಅಂದರು.

"ನಾನು ಒಬ್ಳೇನಾ ಮೇಷ್ಟ್ರೇ?"

"ಮತ್ತೆ? ನಿಮ್ಮಪ್ಪ ಕಾರ್ಪೊ ಹರೆಯದಿಂದ ನಿಂತ ಜಾಗ ಅದು. ಇನ್ಯಾರನ್ನು ನಿಲ್ಲಿಸ್ಲಿ, ನನ್ನ ಹೆಂಡ್ತೀನಾ?"

ಅವರ ಹೆಂಡತಿ ಆಲಿಂಗ್ ಬೆಬಾಂಗ್ ವಾದ್ಯಗಳ ಬೀರುವಿನ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದಳು. "ನನ್ನ ನಿಲ್ಸಿ, ಪಾದ್ರಿ ಓಡಿಹೋಗ್ತಾರೆ" ಅಂದಳು.

ಒಂದು ಹಾಳೆ ಕೊಟ್ಟರು. ಎರಡು ಪುಟ, ಹಿಂದೆ ಮುಂದೆ. ಗಂಭೀರವಾಗಿ ತಲೆ ಆಡಿಸಿದೆ, ಓದಿದವಳ ಹಾಗೆ. ಆಮೇಲೆ ನೋಡಿದರೆ ತಲೆಕೆಳಗಾಗಿ ಹಿಡಿದಿದ್ದೆ.

ಮಾರ್ಚ್ 14

ದೇವರ ದಯೆ. ಅಪ್ಪನ ರೆಕಾರ್ಡಿಂಗ್‌ಗಳಲ್ಲಿ ಆ ಮಾರ್ಚ್ ಇದೆ! ಕೊರೊನಾ ಕಾಲದಲ್ಲಿ ಬ್ಯಾಂಡ್ ಸೇರುವ ಹಾಗಿರಲಿಲ್ಲವಲ್ಲ, ಆಗ ಅಪ್ಪ ಒಂದೊಂದನ್ನೂ ನುಡಿಸಿ ಶಿಷ್ಯರಿಗೆಲ್ಲ ಫೋನಿನಲ್ಲಿ ಕಳಿಸಿದ್ದರು. ಅವರು ಹಾಳೆ ನೋಡುತ್ತ ಕೇಳಿದರು. ನಾನು ಬರೀ ಕೇಳುತ್ತೇನೆ.

ಕಷ್ಟದ್ದು. ಹಾಡಿನ ರಾಗವೆಲ್ಲ ಟ್ರಂಪೆಟ್‌ನವರದು. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯ ಹಾಗೆ ಸುತ್ತುತ್ತ ಹೋಗುತ್ತದೆ. ಕಿವಿಗೆ ಹಿಡಿತ ಸಿಗುವುದಿಲ್ಲ. ಬೆರಳು ಎಡವುತ್ತವೆ.

ಗಂಡ ಗೋರಿಯೊ ಬಾಡಿಗೆ ಓಡಿಸುವ ಟ್ರೈಸಿಕಲ್ ಗಾಡಿ ನಿಲ್ಲಿಸಿ ಒಳಗೆ ಬಂದವನು, "ನಮ್ಮ ಹುಂಜಕ್ಕೆ ಮೈ ಸರಿಯಿಲ್ಲ ಅಂತ ಡಾಕ್ಟ್ರಿಗೆ ತೋರಿಸ್ದೆ. ಏನಿಲ್ಲ, ಕಿವಿಗೆ ಹತ್ತಿ ಇಡಿ ಅಂದ್ರು" ಅಂದ.

"ನಿನಗೂ ಇಟ್ಕೋ ಹೋಗು."

"ನನಗೆ ಅಭ್ಯಾಸ ಆಗಿದೆ. ಅದು ಚಿಕ್ಕದು ಪಾಪ."

ಮಾರ್ಚ್ 18, ಸೋಮವಾರ

ಮೊದಲರ್ಧ ಕೈಗೆ ಕೂತಿದೆ. ನಡುವೆ ಒಂದು ಜಾಗವಿದೆ — ಬಳ್ಳಿ ಮೇಲಕ್ಕೆ ಮೇಲಕ್ಕೆ ಹತ್ತಿ, ತಟ್ಟನೆ ನಿಂತುಬಿಡುತ್ತದೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಸರಕ್ ಅಂತ ಸಣ್ಣ ಸದ್ದು, ಅಪ್ಪನ ಅಂಗಿ ತೋಳು ಇರಬೇಕು. ಮತ್ತೆ ಶುರು. ಎಷ್ಟು ಚೆಂದ! ಮುಸುಕು ತೆಗೆಯುವ ಮುಂಚೆ ಊರೆಲ್ಲ ಉಸಿರು ಹಿಡಿದ ಹಾಗೆ. ಇಡೀ ಮಾರ್ಚ್‌ನಲ್ಲಿ ನನಗೆ ಅದೇ ಇಷ್ಟ. ಅದೊಂದರಲ್ಲಿ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಆದರೆ ಅಪ್ಪ ಅದೇ ಹೊತ್ತಿಗೆ ಎಡಗೈಯಿಂದ ಮಂಚ ಕುಟ್ಟುತ್ತಾರೆ. ಓಡಿಹೋಗಿ ಮೂತ್ರದ ಪಾತ್ರೆ ಹಿಡಿದೆ. ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ನೀರು? ಅದೂ ಬೇಡ. "ಆ... ಆ..." ಅನ್ನುತ್ತಾರೆ, ಕಣ್ಣು ಕೆಂಪಗೆ. ಮತ್ತೆ ಹೋಗಿ ನುಡಿಸಿದೆ. ಮತ್ತೆ ಅಲ್ಲಿಗೆ ಬರುತ್ತಲೇ ಕುಟ್ಟಿದರು.

ನನ್ನ ಊದುವಿಕೆ ಅವರಿಗೆ ಹಿಂಸೆ. ಬೇರೇನಿರುತ್ತದೆ? ಜೀವಮಾನವೆಲ್ಲ ಹಾಗೆ ನುಡಿಸಿದವರಿಗೆ ಗೋಡೆಯಾಚೆಯಿಂದ ಇದು. ನಾಳೆಯಿಂದ ಕ್ಲಾರಿನೆಟ್ ಬಾಯಿಗೆ ಟವೆಲ್ ತುರುಕಬೇಕು.

ಮಾರ್ಚ್ 23, ಶನಿವಾರ

ಎಲ್ಲರೂ ಸೇರಿದ ಪ್ರಾಕ್ಟೀಸ್ ಇದೊಂದೇ. ಮುಂದಿನ ವಾರವೆಲ್ಲ ಮೆರವಣಿಗೆಗಳು, ಪುರುಸೊತ್ತಿಲ್ಲ. ಹಾಲ್‌ನಲ್ಲಿ ಚಾರಿಂಗ್ ಅಕ್ಕನ ಪಕ್ಕವೇ ಕೂತೆ. ಹೆಚ್ಚು ಕಡಿಮೆ ಸರಿಹೋಯಿತು. ಆದರೆ ಆ ಜಾಗದಲ್ಲಿ ಯಾರೂ ನಿಲ್ಲಲಿಲ್ಲ! ನನ್ನನ್ನು ದಾಟಿಕೊಂಡು ಹೋದರು. ಅರ್ಧ ಸಾಲು ಬಿಟ್ಟು ಹೇಗೋ ಓಡಿ ಸೇರಿಕೊಂಡೆ.

ಕೇಳೋಣ ಅನ್ನಿಸಿತು. ಏನಂತ ಕೇಳುವುದು? "ಇಲ್ಲಿ ನಿಲ್ಲಬೇಕಲ್ವಾ?" ಅಂದರೆ "ಹಾಳೆ ನೋಡು" ಅನ್ನುತ್ತಾರೆ. ಹಾಳೆ ನೋಡಿದೆ. ಸೀಗಡಿ.

ಪ್ರಾಕ್ಟೀಸ್‌ನಲ್ಲಿ ಅವಸರಕ್ಕೆ ಹಾರಿಸಿರಬೇಕು. ಊಟದ ಹೊತ್ತಾಗಿತ್ತು. ಅಪ್ಪನೋ ಇವರೋ ಅಂದರೆ ನನಗೆ ಅಪ್ಪ. ಅಪ್ಪ ತಪ್ಪುವವರಲ್ಲ.

ಮಾರ್ಚ್ 26

ಪಕ್ಕದ ಓಣಿಯಲ್ಲಿ ಯೇಸುವಿನ ಪಾಡಿನ ಕಥೆ ಓದು ಶುರುವಾಗಿದೆ. ಹಗಲೂ ರಾತ್ರಿ ಮೈಕಿನಲ್ಲಿ. ಒಬ್ಬರಾದ ಮೇಲೆ ಒಬ್ಬರು ಕೂತು ರಾಗವಾಗಿ ಓದುವುದು. ಅತ್ತ ಹೋಗಬಾರದಿತ್ತು, ಹೋದೆ. ಆಲಿಂಗ್ ಬೆಬಾಂಗ್ ಪುಸ್ತಕ ಚಾಚಿ "ಬಾರೇ, ಎರಡು ಪದ್ಯ ಓದು" ಅಂದಳು.

"ಗಂಟಲು ಕೆಟ್ಟಿದೆ. ಭಾನುವಾರ ಊದ್ಬೇಕಲ್ಲ, ಉಳಿಸ್ಕೋತೀನಿ."

"ಊದೋದು ಗಂಟಲಿಂದಾನಾ?"

ಬಂದುಬಿಟ್ಟೆ. ಓದಲು ಬರುವುದಿಲ್ಲ ಅಂತಲ್ಲ. ಬರುತ್ತದೆ, ನಿಧಾನಕ್ಕೆ, ಬೆರಳಿಟ್ಟುಕೊಂಡು. ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ಅಮ್ಮ ಹೋದಳು, ತಮ್ಮಂದಿರು ಸಣ್ಣವರು. ಇಲ್ಲಿ ಬರೆಯುವಾಗ ಯಾರೂ ನೋಡುವುದಿಲ್ಲ, ತಪ್ಪಿದರೂ ನಡೆಯುತ್ತದೆ. ಮೈಕಿನ ಮುಂದೆ ಆಗುತ್ತದೆಯೇ?

ಮಾರ್ಚ್ 29, ಶುಭ ಶುಕ್ರವಾರ, ಮಧ್ಯಾಹ್ನ

ಇವತ್ತು ಸದ್ದು ಮಾಡುವ ಹಾಗಿಲ್ಲ. ಮಕ್ಕಳೂ ಓಡುತ್ತಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಊದದೆ, ಬರೀ ಬೆರಳು ಆಡಿಸಿದೆ. ಆ ಜಾಗ ಬಂದಾಗ ಬೆರಳು ತಾವೇ ನಿಂತವು. ತಾವೇ ಹೊರಟವು.

ಬರುತ್ತದೆ. ನನಗೆ ಬರುತ್ತದೆ. 

ಮಾರ್ಚ್ 31, ಈಸ್ಟರ್, ಸಂಜೆ

ಬರೆಯಬೇಕೋ ಬೇಡವೋ. ಬರೆಯದಿದ್ದರೆ ತಲೆಯಲ್ಲಿ ಅದೇ ಸುತ್ತುತ್ತದೆ.

ಇನ್ನೂ ನಸುಕು. ಹೆಂಗಸರೆಲ್ಲ ಮೇಣದಬತ್ತಿ ಹಿಡಿದು ತಾಯಿಯ ಹಿಂದೆ. ಅವರ ಹಿಂದೆ ನಾವು — ಇಬ್ಬರು ಟ್ರಂಪೆಟ್, ಒಂದು ಟ್ರಾಂಬೋನ್, ಡ್ರಮ್, ನಾನು. ಗೋರಿಯೊ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದು ಚರ್ಚಿನ ಗೇಟಿನ ಹತ್ತಿರ ಕೂರಿಸಿದ್ದ. ಬೇಡ ಅಂದಿದ್ದೆ. "ಮಗಳು ನುಡಿಸೋದು ನೋಡ್ಲಿ ಬಿಡೇ" ಅಂದಿದ್ದ.

ಎದುರುಬದುರಾದೆವು. ಆ ಕಡೆ ಮೇಷ್ಟ್ರ ಕೈ ಮೇಲೆದ್ದಿತು. ಮಾರ್ಚ್ ಶುರು. ಸರಿಯಾಗೇ ಬಂತು! ನಿಜವಾಗಿ. ಪಕ್ಕದಲ್ಲಿ ಯಾರೂ ಇಲ್ಲದೆ, ನನ್ನಷ್ಟಕ್ಕೆ ನಾನು. ಬಳ್ಳಿ ಹತ್ತಿತು, ಹತ್ತಿತು — ನಿಲ್ಲಿಸಿದೆ.

ಟ್ರಂಪೆಟ್‌ನವರಿಬ್ಬರೂ ನಿಲ್ಲಿಸಿದರು. ಕಾರ್ಪೊ ಮಗಳು ನಿಲ್ಲಿಸಿದ್ದಾಳೆ ಅಂದರೆ ಏನೋ ಸನ್ನೆ ಆಗಿರಬೇಕು ಅಂದುಕೊಂಡರಂತೆ. ಡ್ರಮ್‌ನವನು ಒಂದು ಪೆಟ್ಟು ಹೊಡೆದು ಅಂಜಿ ಬಿಟ್ಟ. ಎದುರಿನ ಅರ್ಧ ನಿಲ್ಲಲಿಲ್ಲ. ಹೋಗೇಬಿಟ್ಟಿತು. ನಾನು ಉಸಿರು ಎಳೆದುಕೊಂಡು ಮತ್ತೆ ಶುರು ಮಾಡಿದೆ, ಅಪ್ಪ ಶುರು ಮಾಡುವಲ್ಲಿಂದ. ನಮ್ಮವರು ನನ್ನ ಹಿಂದೆ ಬಂದರು. ಕ್ರಿಸ್ತನ ಕಡೆಯದು ಮುಂದೆ, ತಾಯಿ ಕಡೆಯದು ಹಿಂದೆ. ಒಂದೇ ಮಾರ್ಚ್, ಎರಡು ಸಂತೆ. ಚಾರಿಂಗ್ ಅಕ್ಕ ಆ ಕಡೆಯಿಂದ ಕಣ್ಣು ಅಗಲಿಸಿ ತಲೆ ಆಡಿಸುತ್ತಿದ್ದಳು, ಬಾ ಬಾ ಅಂತ. ಎಲ್ಲಿಗೆ ಬರಲಿ?

ಅಟ್ಟಣಿಗೆಯ ಮೇಲೆ ರೆಕ್ಕೆ ಕಟ್ಟಿಕೊಂಡು ನಿಂತಿದ್ದ ಹುಡುಗಿಗೆ ಯಾವುದರ ಜೊತೆ ಹಾಡಬೇಕೋ ತಿಳಿಯಲಿಲ್ಲ. ಎರಡು ಸಲ ಬಾಯಿ ತೆರೆದಳು. ಆಮೇಲೆ "ಅಮ್ಮಾ" ಅಂತ ಅತ್ತುಬಿಟ್ಟಳು. ಜನ ನಕ್ಕರು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಎಲ್ಲ ಕಡೆ. ಮುಸುಕು ತೆಗೆಯಲು ಕೊನೆಗೆ ಯಾರೋ ಕೋಲು ತಂದರು.

ಅಪ್ಪನ ಕಡೆ ನೋಡಲಿಲ್ಲ. ಆಗಲಿಲ್ಲ.

ಪೂಜೆಯಾದ ಮೇಲೆ ಬ್ಯಾಂಡಿನವರಿಗೆ ಊಟ ಹಾಕುವ ಮನೆಯಲ್ಲಿ ಕೋಳಿ ಗಂಜಿ, ಅಕ್ಕಿ ಕಡುಬು. ಬಟ್ಟಲು ಹಿಡಿದು ಹಿತ್ತಲಿಗೆ ಹೋದೆ. ಮೇಷ್ಟ್ರು ಅಲ್ಲಿಗೇ ಬಂದರು.

"ಮೇಷ್ಟ್ರೇ, ರೀಡ್ ಸೀಳಿತ್ತು..."

"ರೀಡ್ ಸೀಳಿದ್ರೆ ಕೀಚಲು ಬರತ್ತೆ. ನೀನು ನಿಂತೆ. ಯಾಕೆ ನಿಂತೆ?"

"ಅಲ್ಲಿ ನಿಲ್ಲಬೇಕಲ್ವಾ? ಅಪ್ಪ ನಿಲ್ತಾರೆ."

ಅವರು ಕ್ಲಾರಿನೆಟ್‌ಗೆ ಸಿಕ್ಕಿಸಿದ್ದ ಹಾಳೆ ಎಳೆದು, ಮೊದಲ ಪುಟದ ಕೊನೆಯ ಸ್ವರದ ಮೇಲೆ ಬೆರಳಿಟ್ಟರು. "ಇದೇನು?"

ನಾನು ಗಂಜಿ ಬಟ್ಟಲು ನೋಡಿದೆ.

"ಇದಾದ್ರೂ?"

ಶುಂಠಿ ಚೂರು ತೇಲುತ್ತಿತ್ತು. ಅದನ್ನೇ ನೋಡಿದೆ.

"ಪುಟ ಇಲ್ಲಿ ಮುಗಿಯತ್ತೆ ಪೆಮ್ಯಾಂಗ್. ಕಾರ್ಪೊ ಪಕ್ಕ ನಾನು ಎಷ್ಟು ವರ್ಷ ಕೂತಿದೀನಿ. ಇಲ್ಲಿಗೆ ಬಂದ್ರೆ ಬೆರಳಿಗೆ ಎಂಜಲು ಹಚ್ಕೊಂಡು ಹಾಳೆ ತಿರುಗಿಸ್ತಿದ್ದ. ಅಷ್ಟೊತ್ತು ನಾವು ಉಳಿದೋರು ಜೋರಾಗಿ ಊದಿ ಮುಚ್ಚಿಹಾಕ್ತಿದ್ವಿ. ಫೋನಲ್ಲಿ ಮುಚ್ಚೋರು ಯಾರು? ಅದನ್ನ ಕೇಳಿ ಊರಿನ ಹುಡುಗ್ರೆಲ್ಲ ಕಲ್ತ್ರು. ಒಬ್ಬನೂ ಅಲ್ಲಿ ನಿಲ್ಲಲ್ಲ, ಹಾಳೇಲಿ ಇಲ್ಲ ಅಂತ ಅವರಿಗೆ ಕಾಣತ್ತೆ. ನೀನು ಅವನು ಎಂಜಲು ಹಚ್ಚೋದನ್ನೂ ಬಿಡದೆ ಕಲ್ತಿದೀಯಲ್ಲಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಅಂದರು.

ಬಾಗಿಲಲ್ಲಿ ಆಲಿಂಗ್ ಬೆಬಾಂಗ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಪೆಟ್ಟಿಗೆ ಕೊಡು" ಅಂದಳು. "ಇನ್ನೊಂದು ಮನೆಯೋರು ಹೋದ ವರ್ಷದಿಂದ ಕೇಳ್ತಿದಾರೆ."

ಕೊಟ್ಟೆ. ಒಳಗಿನದನ್ನು ಒರೆಸಿಯೂ ಇರಲಿಲ್ಲ. ನನ್ನ ಉಗುಳು ಅದರಲ್ಲೇ ಇತ್ತು.

ಏಪ್ರಿಲ್ 7

ಹೊರಗೆ ಹೋಗಿಲ್ಲ. ಉಪ್ಪು ಮುಗಿದರೂ ಗೋರಿಯೊನೇ ತರಬೇಕು. ಅಂಗಡಿಯಲ್ಲಿ ಯಾರೋ "ಏನಪ್ಪಾ, ನಿಮ್ಮನೇಲಿ ತಾಯಿ ಇನ್ನೂ ಹಿಂದೇನೇ ಬರ್ತಿದಾಳಾ?" ಅಂದರಂತೆ. ಅವನೇನೂ ಅನ್ನಲಿಲ್ಲವಂತೆ. ಅವನು ಸುಮ್ಮನಿರುವವನೇ ಅಲ್ಲ. ಅದೇ ಹೆಚ್ಚು ನಾಚಿಕೆ.

ಪೆಟ್ಟಿಗೆ ಇದ್ದ ಜಾಗದಲ್ಲಿ ಗೋಡೆ ಬಣ್ಣ ಬೇರೆ ಇದೆ. ಅಪ್ಪನಿಗೆ ಕಾಣದಿರಲಿ ಅಂತ ಒಂದು ಕ್ಯಾಲೆಂಡರ್ ಹಾಕಿದೆ. ಅಪ್ಪ ಕ್ಯಾಲೆಂಡರ್ ನೋಡುತ್ತಾರೆ.

ಏಪ್ರಿಲ್ 10, ಬುಧವಾರ

ಇವತ್ತು ಅಪ್ಪನಿಗೆ ಹೇಳಿದೆ. ಬೆನ್ನು ಒರೆಸುತ್ತಿದ್ದೆ. ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಬಾಯಿ ಬಂತು.

"ಅಪ್ಪಾ, ನನಗೆ ನೋಟ್ಸ್ ಓದಕ್ಕೆ ಬರಲ್ಲ. ನೀವು ಕಲಿಸಿದೀರಿ ಅಂತ ನಿಮ್ಮ ಮುಂದೇನೇ ಸುಳ್ಳು ಹೇಳ್ದೆ. ನಿಮ್ಮ ಹೆಸರು ಬೀದೀಲಿ ಕೆಡಿಸ್ದೆ."

ಅಪ್ಪ ಎಡಗೈ ಮುಷ್ಟಿ ಮಾಡಿ ಎದೆಗೆ ಗುದ್ದಿಕೊಂಡರು. ಹೆದರಿ ನೀರು ತರಲು ಎದ್ದೆ. ಸೆರಗು ಹಿಡಿದಂತೆ ನನ್ನ ಅಂಗಿ ಹಿಡಿದು ನಿಲ್ಲಿಸಿದರು. ಮತ್ತೆ ಗುದ್ದಿಕೊಂಡರು. ನನ್ನ ಕಡೆ ಕೈ ತೋರಿಸಿದರು. ಬೇಡ ಅನ್ನುವ ಹಾಗೆ ಆಡಿಸಿದರು. ತಮ್ಮ ಕಡೆ ತೋರಿಸಿಕೊಂಡರು. ಗುದ್ದು. ಕಣ್ಣಿಂದ ನೀರು ಕಿವಿಯೊಳಗೆ ಹೋಗುತ್ತಿತ್ತು.

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಅವತ್ತು ಮಂಚ ಕುಟ್ಟಿದಾಗಲೂ ಹಾಗೇ.

ಊರಿನ ಅರ್ಧ ಬ್ಯಾಂಡು ಇದೇ ಮುಂದಿನ ಕೋಣೆಯಲ್ಲಿ ಸ್ವರ ಓದಲು ಕಲಿತದ್ದು. ಶನಿವಾರ ಹುಡುಗರು ಬಂದು ಬೆಂಚಿನ ಮೇಲೆ ಕೂತರೆ, ನಾನು ಅವರ ಕಾಲ ಸಂದಿಯಲ್ಲಿ ಕಸ ಗುಡಿಸುತ್ತಿದ್ದೆ. ಬಾಯಾರಿದವರಿಗೆ ನೀರು ಕೊಡುತ್ತಿದ್ದೆ. ಅಪ್ಪ "ಕಾಲು ಎತ್ರೋ, ಪೆಮ್ಯಾಂಗ್ ಗುಡಿಸ್ಲಿ" ಅನ್ನುತ್ತಿದ್ದರು. ಕೂತ್ಕೋ ಅಂದದ್ದು ನೆನಪಿಲ್ಲ. ನನಗೂ ಅದು ತೋಚಿರಲಿಲ್ಲ. ಇವತ್ತಿನವರೆಗೆ ತೋಚಿರಲಿಲ್ಲ.

ಏಪ್ರಿಲ್ 11

ಬೆಳಿಗ್ಗೆ ಗಂಜಿ ಬೇಡ ಅಂದರು. ಎಡಗೈಯನ್ನು ಅಡ್ಡ ಹಿಡಿದು, ಬೆರಳು ಅಗಲಿಸಿ, ನನ್ನ ಮುಖದ ಮುಂದೆ ತಂದರು. ಹುಡುಗರಿಗೆ ಮಾಡುತ್ತಿದ್ದದ್ದು! ಐದು ಬೆರಳು, ಐದು ಗೆರೆ. ಬೆರಳೂ ಒಂದು ಸ್ವರ, ಸಂದಿಯೂ ಒಂದು ಸ್ವರ. ಕಿರುಬೆರಳು ಮಿ. ಅದರ ಮೇಲಿನ ಸಂದಿ ಫಾ. ಉಂಗುರದ ಬೆರಳು ಸೋ. ಗುಡಿಸುತ್ತ ಕೇಳಿದ್ದು ಒಳಗೆಲ್ಲೋ ಇತ್ತು.

ಉಂಗುರದ ಬೆರಳು ಮುಟ್ಟಿದೆ. "ಸೋ?"

ಗಂಜಿ ಕುಡಿದರು.

ಏಪ್ರಿಲ್ 19

ಅಪ್ಪ ಕಿರಿಕಿರಿಯ ಮೇಷ್ಟ್ರು. ತಪ್ಪಿದರೆ ಆ ಬೆರಳಿಂದಲೇ ನನ್ನ ಹಣೆಗೆ ಕುಟ್ಟುತ್ತಾರೆ. ನಲವತ್ತು ದಾಟಿದ ಹಣೆ. ಗೋರಿಯೊ ಬಾಗಿಲಲ್ಲಿ ನಿಂತು, "ಮಾವ, ಇನ್ನೆರಡು ಕೊಡಿ, ನನ್ನ ಲೆಕ್ಕಕ್ಕೆ" ಅಂದ.

ಸಂಜೆ ಚಾರಿಂಗ್ ಅಕ್ಕ ಬಂದಳು. ಒಳಗೆ ಬರಲಿಲ್ಲ, ಬೇಲಿಯಾಚೆಯಿಂದಲೇ: "ನನ್ನ ನೆರಳು ವಾಪಸ್ ಬಂದಿದೆ ಕಣೇ. ಬೋರು. ಏನೂ ಊದಲ್ಲ ಅದು." ಹೋಗುವ ಮುಂಚೆ ಅಂದಳು — ಊರ ಹಬ್ಬಕ್ಕೆ ಮೊದಲಿನ ಶನಿವಾರ ಹೊಸಬರು ಹಾಲ್‌ನಲ್ಲಿ ಎಲ್ಲರ ಮುಂದೆ ಸ್ವರ ಓದಿ ಒಪ್ಪಿಸಬೇಕು. ಒಪ್ಪಿಸಿದವರಿಗೆ ವಾದ್ಯ. ಕ್ಲಾರಿನೆಟ್ ಅವತ್ತು ಯಾರಿಗಾದರೂ ಕೊಡುತ್ತಾರೆ. "ಹೆಸರು ಕೊಟ್ಟು ಬಂದಿದೀನಿ. ನಂದಲ್ಲ, ನಿಂದು."

"ಅಕ್ಕಾ! ಅಲ್ಲಿ ಎಲ್ಲ ಹಾಲುಹಲ್ಲಿನವರು!"

"ನಿಂದೂ ಎರಡು ಅಲ್ಲಾಡ್ತಿದ್ಯಲ್ಲ, ಸರಿಹೋಗತ್ತೆ."

ಸಿಟ್ಟು ಬಂತು. ರಾತ್ರಿ ಅನ್ನ ಸೇರಲಿಲ್ಲ. ಹೋಗುವುದಿಲ್ಲ.

ಮೇ 4, ಶನಿವಾರ, ಬೆಳಿಗ್ಗೆ, ಹಾಲ್ ವರಾಂಡ

ಬಂದಿದ್ದೇನೆ. ಎರಡು ಸಲ ಪಾಯಖಾನೆಗೆ ಹೋಗಿಬಂದೆ. ಕರೆಯುವವರೆಗೆ ಬರೆಯುತ್ತ ಕೂತಿದ್ದೇನೆ.

ಬೆಂಚು ಗಿಡ್ಡ. ಮಂಡಿ ಎದೆಗೆ ಬರುತ್ತದೆ. ಈ ಕಡೆ ಒಬ್ಬಳು ಜಡೆಯ ಹುಡುಗಿ, ಆ ಕಡೆ ಮೂಗು ಸೋರುವವನು. ಅವರ ತಾಯಂದಿರು ಎದುರು ಸಾಲಿನಲ್ಲಿ. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. "ಸಲುಬೊಂಗ್" ಅನ್ನುವುದು ಮಾತ್ರ ಕೇಳಿಸಿತು. ಜಡೆಯ ಹುಡುಗಿ ಕೇಳಿದಳು, "ಆಂಟಿ, ನಿಮ್ಮ ಮಗು ಎಲ್ಲಿ?"

"ನಾನೇ" ಅಂದೆ.

"ಓ" ಅಂದಳು. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

ಹಾಳೆ ಈಗ ಕೈಗೆ ಕೊಟ್ಟರು. ಮೇಷ್ಟ್ರೇ ಕೈಯಲ್ಲಿ ಬರೆದದ್ದು, ಹೊಸದು. ಯಾವ ಫೋನಿನಲ್ಲೂ ಇಲ್ಲ, ಯಾರೂ ನುಡಿಸಿಲ್ಲ, ಅಪ್ಪನೂ. ಎಡಗೈಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನೋಡಿದೆ. ಉಂಗುರದ ಬೆರಳು. ಮತ್ತೆ ಉಂಗುರದ ಬೆರಳು. ಸಂದಿ. ನಡುಬೆರಳು... ಎರಡನೇ ಸಾಲು ಕತ್ತಲೆ. ಆದರೆ ಮೊದಲನೆಯದು — ಕೇಳಿಸಿತು. ಹೊರಗಿಂದಲ್ಲ. ನಾನು ಎಂದೂ ಕೇಳದ ಹಾಡು, ನನ್ನ ತಲೆಯಲ್ಲಿ, ತನ್ನಷ್ಟಕ್ಕೆ. ತಪ್ಪೋ ಸರಿಯೋ. ಮತ್ತೆ ನೋಡಿದೆ. ಮತ್ತೆ ಕೇಳಿಸಿತು.

ಒಳಗೆ ಆಲಿಂಗ್ ಬೆಬಾಂಗ್ ಪಟ್ಟಿ ಹಿಡಿದು ಕರೆಯುತ್ತಿದ್ದಾಳೆ. ಮೂಗಿನವನು ಹೋಗಿಬಂದ. ಅಳುತ್ತಿಲ್ಲ.

"ಯೂಫೆಮಿಯಾ ಮನಲಾಯ್ಸಾಯ್!"

ಯಾರಪ್ಪಾ ಅಂತ ನಾನೂ ಒಂದು ಸಲ ಸುತ್ತ ನೋಡಿದೆ. ಶಾಲೆ ಬಿಟ್ಟ ಮೇಲೆ ಯಾರೂ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದಿಲ್ಲ. ಎಲ್ಲರೂ ಇತ್ತ ತಿರುಗಿದ್ದಾರೆ. ಎದ್ದು ನಿಂತು ಹಾಜರ್ ಅನ್ನಬೇಕೋ, ಸುಮ್ಮನೆ ಒಳಗೆ ಹೋಗಬೇಕೋ. ಉಳಿದದ್ದು ಬಂದ ಮೇಲೆ.